ಪೇಟ ರೆಡಿ, ಹಾರ ರೆಡಿ, ನೋ ಸಿಗ್ನಲ್

ಮಂಡ್ಯದ ಹಾಲ್ ಒಂದರಲ್ಲಿ ಮೊನ್ನೆ ಡಿಜಿಟಲ್ ಆಡಳಿತದ ಕಾರ್ಯಾಗಾರ. ದೀಪ ಮೊದಲ ಕಡ್ಡಿಗೇ ಹೊತ್ತಿಕೊಂಡಿತು. ಎಣ್ಣೆ, ಬತ್ತಿ, ಬೆಂಕಿಪೊಟ್ಟಣ ಎಲ್ಲ ಬೆಳಗ್ಗೆಯೇ ನೋಡಿಟ್ಟಿದ್ದರು. ಮೈಸೂರು ಪೇಟ ಎರಡು ಜಾಸ್ತಿಯೇ ಇತ್ತು. ಪ್ರೊಜೆಕ್ಟರ್ ಮಾತ್ರ ಯಾರೂ ನೋಡಿರಲಿಲ್ಲ. ನೀಲಿ ಪರದೆ, ನಡುವೆ ‘ನೋ ಸಿಗ್ನಲ್’.

1902ರಲ್ಲೇ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 140 ಕಿಲೋಮೀಟರಿಗೂ ಜಾಸ್ತಿ ದೂರ, ಕರೆಂಟ್ ಕಳಿಸಿದ್ದರು. ಈಗ ಟೇಬಲ್ಲಿನಿಂದ ಸೀಲಿಂಗಿಗೆ ಒಂದು ಚಿತ್ರ ಹತ್ತುತ್ತಿಲ್ಲ.

ಹಾಲ್‌ನ ಪ್ರೊಜೆಕ್ಟರಿಗೆ ಚಿತ್ರ ಒಯ್ಯುವ ವೈರು ವಿಜಿಎ. 1987ರಲ್ಲಿ ಬಂದ ಹದಿನೈದು ಪಿನ್ನಿನ ಹಳೇ ದೇವರು. ಲ್ಯಾಪ್‌ಟಾಪ್‌ನಲ್ಲಿ ಇರುವುದು ಬರೀ ಈಗಿನ ಕಾಲದ ಕಿಂಡಿ, ಎಚ್‌ಡಿಎಂಐ. ಕನ್ವರ್ಟರ್ ಬೀರುವಿನಲ್ಲಿದೆ, ಬೀರುವಿನ ಕೀ ಗುಮಾಸ್ತರ ಹತ್ತಿರ, ಗುಮಾಸ್ತರು ನಾಮಕರಣಕ್ಕೆ ರಜೆ. ಅಂತೂ ಕೀ ಬಂತು.

ಚಿತ್ರವೂ ಬಂತು. ಬರೀ ವಾಲ್‌ಪೇಪರ್. ಸಂಪನ್ಮೂಲ ವ್ಯಕ್ತಿ ಲ್ಯಾಪ್‌ಟಾಪ್ ನೋಡಿಕೊಂಡು ‘ಈ ಅಂಕಿಅಂಶ ಗಮನಿಸಿ’ ಅಂದರು. ಸಭೆ ಅವರ ಮೊಮ್ಮಗನ ಫೋಟೋವನ್ನು ಗಮನಿಸಿತು. ಮುದ್ದಾಗಿತ್ತು, ಸುಳ್ಳು ಯಾಕೆ ಹೇಳಲಿ. ಕೆಲವರು ಬರೆದುಕೊಳ್ಳುತ್ತಲೂ ಇದ್ದರು.

ಆಮೇಲೆ ವೇದಿಕೆ ತುಂಬ ತಜ್ಞರು. ಒಬ್ಬರು ಎಫ್5 ಒತ್ತಿ ಅಂದರು, ಇನ್ನೊಬ್ಬರು ಎಫ್8. ಇನ್ಯಾರೋ ರೀಸ್ಟಾರ್ಟ್ ಮಾಡಿಬಿಟ್ಟರು, ಅಪ್‌ಡೇಟ್ ಶುರುವಾಯಿತು. ಈ ಬಿಡುವಿನಲ್ಲಿ ಮುಖ್ಯ ಅತಿಥಿಗಳು ಡಿಜಿಟಲ್ ಕ್ರಾಂತಿ ಬಗ್ಗೆ ನಾಲ್ಕು ಮಾತಾಡಿದರು.

ಕೊನೆಗೆ ಮೈಕ್ ಸೆಟ್ಟಿನ ಹುಡುಗ ಬಂದ. ‘ಸ್ವಲ್ಪ ಬುಡಿ ಸಾ’ ಅಂತ ವಿಂಡೋಸ್ ಕೀ ಜೊತೆ ಪಿ ಒತ್ತಿದ. ನಾಲ್ಕು ಆಯ್ಕೆ ಬಂದವು. ‘ಎಕ್ಸ್‌ಟೆಂಡ್ ಆಗೈತೆ, ಡೂಪ್ಲಿಕೇಟ್ ಮಾಡ್ಬೇಕು.’ ಅಂದರೆ ಲ್ಯಾಪ್‌ಟಾಪ್‌ನಲ್ಲಿ ಕಾಣುವುದೇ ಪರದೆಯಲ್ಲೂ ಕಾಣಬೇಕು. 2009ರ ವಿಂಡೋಸ್ 7ರಿಂದಲೂ ಈ ಆಯ್ಕೆ ಅಲ್ಲೇ ಇದೆ. ಸ್ಲೈಡ್ ಕಾಣಿಸಿತು. ಚಪ್ಪಾಳೆ ಸಂಪನ್ಮೂಲ ವ್ಯಕ್ತಿಗೆ.

ಆದರೆ ಎಲ್ಲ ಗುಲಾಬಿ! ಬಿಳಿ ವಿಧಾನಸೌಧ ಗುಲಾಬಿ, ಹಸಿರು ಕಬ್ಬಿನ ಗದ್ದೆ ಕಪ್ಪು. ಮುಂದಿನ ಸಾಲಿನ ರೈತರೊಬ್ಬರು ‘ಇದ್ಯಾವ ರೋಗ ಸಾ, ಔಸ್ದಿ ಏನ್ ಹೊಡೀಬೇಕು?’ ಅಂತ ಕೇಳಿಯೇಬಿಟ್ಟರು. ರೋಗ ವಿಜಿಎ ಪ್ಲಗ್ಗಿನದು. ಹಸಿರು ಬಣ್ಣ ತರುವ ಪಿನ್ ಸೊಟ್ಟಗಾಗಿತ್ತು. ವೈರನ್ನು ಒಂದು ಕೋನದಲ್ಲಿ ಎತ್ತಿ ಹಿಡಿದರೆ ಬಣ್ಣ ಸರಿಹೋಗುತ್ತಿತ್ತು. ಹಾಗಾಗಿ ಒಬ್ಬ ಸಿಬ್ಬಂದಿಯನ್ನು ವೈರು ಹಿಡಿಯುವುದಕ್ಕೇ ನಿಯೋಜಿಸಲಾಯಿತು. ಊಟದವರೆಗೂ ಪಾಪ ಬಗ್ಗಿಯೇ ನಿಂತಿದ್ದರು. ಅವರು ಸೀನಿದಾಗೆಲ್ಲ ಕಬ್ಬು ಒಣಗುತ್ತಿತ್ತು.

ಹೊಸ ವೈರಿಗೆ ಎಷ್ಟಾಗುತ್ತೆ? ಕೆಲವು ನೂರು ರೂಪಾಯಿ. ಆದರೆ ವೈರಿನ ಖರ್ಚು ತೋರಿಸಲು ಲೆಕ್ಕದಲ್ಲಿ ಹೆಡ್ ಇಲ್ಲವಂತೆ. ಪ್ರೊಜೆಕ್ಟರ್‌ಗೆ ಇದೆಯಂತೆ. ಹಾಗಾಗಿ ಹೊಸ ಪ್ರೊಜೆಕ್ಟರ್ ಕೊಳ್ಳುವ ಪ್ರಸ್ತಾವನೆ ರೆಡಿಯಾಗಿದೆ. ಮೇಲಿನವರಿಗೆ ವಿವರಿಸಲು ಪಿಪಿಟಿ ಕೂಡ ಮಾಡಿದ್ದಾರೆ. ಮುಂದಿನ ವಾರ ಇದೇ ಹಾಲ್‌ನಲ್ಲಿ ತೋರಿಸುತ್ತಾರಂತೆ.