ಸಾಮಾನು ಕೊಟ್ಟು ಸ್ವಲ್ಪ ಹಿಂದೆ ಸರಿದು ಕೂರೋಣ

ಚಿಕ್ಕ ಮಕ್ಕಳಿರುವ ಮನೆಯಲ್ಲೆಲ್ಲ ಇದೇ ಪ್ರಶ್ನೆ. ಇಡೀ ದಿನ ಇವರಿಗೆ ಏನು ಮಾಡಿಸೋದು? ಮೊಬೈಲ್ ತೆಗೆದರೆ ಸಾಕು, ಸಾಲು ಸಾಲು ವಿಡಿಯೋ. ಪೇಪರ್ ತಟ್ಟೆಯಲ್ಲಿ ಸಿಂಹ, ಐಸ್‌ಕ್ರೀಮ್ ಕಡ್ಡಿಯಲ್ಲಿ ಮನೆ, ಹತ್ತಿ ಅಂಟಿಸಿದ ಕುರಿ. ನೋಡೋಕೆ ಚೆಂದ. ಆದರೆ ಮೂರು ವರ್ಷದ ಮಗುವನ್ನು ಕೂರಿಸಿಕೊಂಡು ಮಾಡಿ ನೋಡಿದವರಿಗೆ ಗೊತ್ತು, ಕತ್ತರಿಸೋದು ನಾವು, ಅಂಟಿಸೋದು ನಾವು, ಮಗು ಕೊನೆಗೆ ಎರಡು ಕಣ್ಣು ಇಡುತ್ತದೆ, ಅದೂ ನಾವು ಬೆರಳಿಟ್ಟು ತೋರಿಸಿದ ಜಾಗದಲ್ಲಿ. ಸ್ವಲ್ಪ ಹೊತ್ತಿಗೆ ಎದ್ದು ಓಡುತ್ತದೆ. ಆಮೇಲೆ "ಇವನಿಗೆ ಒಂದು ಕಡೆ ಕೂರೋಕೇ ಬರಲ್ಲ" ಅಂತ ದೂರು ಬೇರೆ.

ನೇರವಾಗಿ ಹೇಳುತ್ತೇನೆ. ನಾವು ತಯಾರು ಮಾಡಿ ಕೊಡುವ ಚಟುವಟಿಕೆ ಜಾಸ್ತಿ ಆಗಿದೆ. ಸಾಮಾನು ಕೊಡಬೇಕು, ಗಲೀಜಾದರೂ ಪರವಾಗಿಲ್ಲ ಅನ್ನುವಂಥ ಒಂದು ಮೂಲೆ ಕೊಡಬೇಕು, ಸಾಕಷ್ಟು ಹೊತ್ತು ಕೊಡಬೇಕು, ಆಮೇಲೆ ಏನು ಹುಟ್ಟುತ್ತದೋ ಅದು ಮಗುವಿನದು ಅಂತ ಬಿಟ್ಟುಬಿಡಬೇಕು. ಇದರಲ್ಲಿ ಕಷ್ಟದ ಭಾಗ ಆ ಕೊನೆಯದೇ.

ಒಮ್ಮೆ ಅಂಟಿನ ಬಾಟಲಿಯನ್ನು ಮಗುವಿನ ಕೈಗೇ ಕೊಟ್ಟು ಸುಮ್ನೆ ನೋಡಿ. ಮೊದಲು ಎರಡೂ ಕೈಯಲ್ಲಿ ಹಿಚುಕುತ್ತದೆ. ಬರುವುದಿಲ್ಲ. ಇನ್ನೂ ಜೋರಾಗಿ ಹಿಚುಕುತ್ತದೆ, ಒಂದೇ ಸಲ ದೊಡ್ಡ ಗುಡ್ಡೆ ಬೀಳುತ್ತದೆ. ಬೆರಳಲ್ಲಿ ಮುಟ್ಟಿ, ಎಳೆದು, ದಾರದ ಹಾಗೆ ಬರುವುದನ್ನು ಬಾಯಿ ತೆರೆದು ನೋಡುತ್ತದೆ. ಕಾಗದದ ಚೂರು ಅಂಟಿಸಬೇಕು ಅನ್ನುವುದು ಅದಕ್ಕೆ ನೆನಪೇ ಇಲ್ಲ. ಆ ಹೊತ್ತಿನಲ್ಲಿ ನಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ, "ಅಷ್ಟೊಂದು ಬೇಡ, ಇಲ್ಲಿ ಕೊಡು" ಅಂತ. ದಯವಿಟ್ಟು ಕೈ ಹಿಂದೆ ತೆಗೆದುಕೊಳ್ಳಿ. ಎಷ್ಟು ಒತ್ತಿದರೆ ಎಷ್ಟು ಬರುತ್ತದೆ ಅನ್ನುವುದನ್ನು ಆ ಬೆರಳುಗಳು ಆಗ ತಾನೇ ಕಲಿಯುತ್ತಿರುತ್ತವೆ.

ಚಿತ್ರದ ವಿಷಯದಲ್ಲೂ ಹೀಗೇ. ಮಕ್ಕಳು ಸುಮಾರು ಒಂದೂವರೆ ವರ್ಷದ ಆಸುಪಾಸಿನಲ್ಲಿ ಗೀಚಲು ಶುರು ಮಾಡುತ್ತಾರೆ, ಮೊದಮೊದಲು ಇಡೀ ತೋಳನ್ನೇ ಬೀಸಿ ಗೀಚುತ್ತಾರೆ, ಬೆರಳಿನ ಹಿಡಿತ ಬರುವುದು ಆಮೇಲೆ. ಮೂರರ ಹೊತ್ತಿಗೆ ತುದಿ ಕೂಡಿಸಿ ಒಂದು ಸೊನ್ನೆ ಬರೆಯಲು ಬರುತ್ತದೆ, ಚೌಕ ಬರೆಯಲು ಸಾಮಾನ್ಯವಾಗಿ ನಾಲ್ಕು ದಾಟಬೇಕು. ಈ ನಡುವೆ ಒಂದು ದಿನ ಮನುಷ್ಯ ಹುಟ್ಟುತ್ತಾನೆ. ದುಂಡು ತಲೆ, ತಲೆಯಿಂದಲೇ ನೇರವಾಗಿ ಇಳಿದ ಎರಡು ಕಾಲು. ಹೊಟ್ಟೆ ಇಲ್ಲ, ಕುತ್ತಿಗೆ ಇಲ್ಲ. ಬೇರೆ ಬೇರೆ ದೇಶಗಳ ಮಕ್ಕಳೂ ಹೀಗೇ ಬರೆಯುತ್ತಾರೆ. ಅದನ್ನು ತಿದ್ದಿ ಹೊಟ್ಟೆ ಸೇರಿಸಿಕೊಟ್ಟರೆ ಮಗುವಿಗೆ ತಿಳಿಯುವುದು ಇಷ್ಟೇ, ಅಪ್ಪ ಅಮ್ಮ ನನಗಿಂತ ಚೆನ್ನಾಗಿ ಬರೆಯುತ್ತಾರೆ. ಮುಂದಿನ ಸಲ "ನೀನೇ ಬರೆದುಕೊಡು" ಅಂತ ಪೆನ್ಸಿಲ್ ನಮ್ಮ ಕೈಗೆ ಬರುತ್ತದೆ.

ಬಹುಮಾನದ ಆಸೆ ತೋರಿಸುವುದಕ್ಕೂ ನನ್ನ ವಿರೋಧ ಇದೆ. 1973ರಲ್ಲಿ ಅಮೆರಿಕದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಮೊದಲೇ ಚಿತ್ರ ಬರೆಯುವುದರಲ್ಲಿ ಆಸಕ್ತಿ ಇದ್ದ ಮೂರರಿಂದ ಐದು ವರ್ಷದ ಮಕ್ಕಳು. ಕೆಲವರಿಗೆ ಬರೆದರೆ ಬಹುಮಾನ ಅಂತ ಮುಂಚೆಯೇ ಹೇಳಿದರು, ಕೊಟ್ಟರು ಕೂಡ. ಕೆಲವು ದಿನದ ಮೇಲೆ ಬಹುಮಾನದ ಮಾತೇ ಇಲ್ಲದೆ ಸುಮ್ನೆ ಪೆನ್ನುಗಳನ್ನು ಎದುರಿಗಿಟ್ಟಾಗ, ಆ ಮಕ್ಕಳು ಉಳಿದವರಿಗಿಂತ ಬಹಳ ಕಡಿಮೆ ಹೊತ್ತು ಬರೆದರು. ಇಷ್ಟಪಟ್ಟು ಮಾಡುತ್ತಿದ್ದದ್ದು ಕೂಲಿ ಕೆಲಸ ಆಗಿಹೋಯಿತು ಅಲ್ವಾ? ಹಾಗಾಗಿ "ಚೆನ್ನಾಗಿ ಬರೆದರೆ ಚಾಕೊಲೇಟ್" ಬೇಡವೇ ಬೇಡ. ಮಾತಾಡಬೇಕು ಅನ್ನಿಸಿದರೆ ಕಂಡದ್ದನ್ನು ಹೇಳಿ, "ಇಲ್ಲಿ ತುಂಬಾ ಜೋರಾಗಿ ಒತ್ತಿ ಬರೆದಿದ್ದೀಯ" ಅಂತ. ಮಗು ತಾನೇ ಕಥೆ ಶುರು ಮಾಡುತ್ತದೆ.

ಇನ್ನು ಸಾಮಾನು. ಜಾಸ್ತಿ ಬೇಡ. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಪುಟ್ಟ ಮಕ್ಕಳನ್ನು ಒಮ್ಮೆ 4 ಆಟಿಕೆಗಳ ಜೊತೆ, ಇನ್ನೊಮ್ಮೆ 16 ಆಟಿಕೆಗಳ ಜೊತೆ ಆಡಲು ಬಿಟ್ಟರು. ನಾಲ್ಕೇ ಇದ್ದಾಗ ಒಂದೊಂದರ ಜೊತೆಗೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಮನೆಯಲ್ಲಿ ಅರ್ಧ ಆಟಿಕೆ ಎತ್ತಿ ಅಟ್ಟದ ಮೇಲಿಡಿ, ಆಗಾಗ ಬದಲಾಯಿಸಿ. ರಟ್ಟಿನ ಡಬ್ಬ, ಟೇಪು, ಹಳೆ ಸೀರೆ ಅಥವಾ ಬೆಡ್‌ಶೀಟು, ಮುಚ್ಚಳಗಳು, ಒಂದು ಕಡೆ ಖಾಲಿ ಇರುವ ಹಾಳೆಗಳು, ಇಷ್ಟರಲ್ಲೇ ಬಸ್ಸು, ಗುಹೆ, ಆಸ್ಪತ್ರೆ ಎಲ್ಲ ಎದ್ದು ನಿಲ್ಲುತ್ತವೆ. ಎರಡು ಕಪ್ ಮೈದಾ, ಒಂದು ಕಪ್ ಉಪ್ಪು, ಒಂದು ಕಪ್ ನೀರು ಕಲಸಿದರೆ ಆಡುವ ಹಿಟ್ಟು ರೆಡಿ. ಉಪ್ಪು ತುಂಬಾ ಇರುವುದರಿಂದ ತಿನ್ನಲು ಬಿಡಬಾರದು. ಗೋಡೆಗೋ ನೆಲಕ್ಕೋ ಬಣ್ಣ ಹಚ್ಚುವ ಆಸೆ ಇದ್ದರೆ ಬ್ರಷ್ಷು, ಬಟ್ಟಲಲ್ಲಿ ಸ್ವಲ್ಪ ನೀರು ಸಾಕು. ಒಣಗುತ್ತದೆ, ಮತ್ತೆ ಹಚ್ಚುತ್ತಾರೆ.

ಮೂರು ವರ್ಷದ ಒಳಗಿನವರಿದ್ದರೆ ಟಿಶ್ಯೂ ರೋಲಿನ ಕೊಳವೆಯೊಳಗೆ ತೂರುವ ಯಾವ ವಸ್ತುವೂ ಕೈಗೆ ಸಿಗಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಟನ್ ಬ್ಯಾಟರಿ, ಪುಟ್ಟ ಅಯಸ್ಕಾಂತ, ನೀರಲ್ಲಿ ಉಬ್ಬುವ ಬಣ್ಣದ ಮಣಿಗಳು ಇನ್ನೂ ಅಪಾಯ. ಹಿಂದೆ ಸರಿದು ಕೂರಿ ಅಂದೆನೇ ಹೊರತು ಕಣ್ಣು ತಪ್ಪಿಸಿ ಅಂತ ಹೇಳಲಿಲ್ಲ.

ಸುಸ್ತಾಗಿ ಮನೆಗೆ ಬಂದ ಅಪ್ಪ ಅಮ್ಮ ಒಂದಿಷ್ಟು ಹೊತ್ತು ಟಿವಿ ಹಾಕಿಕೊಟ್ಟರೆ ಅವರನ್ನು ದೂರುವವರ ಪೈಕಿ ನಾನಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಅದು ಗಮನದಲ್ಲಿದ್ದರೆ ಸಾಕು. ಟಿವಿ ಆರಿಸಿದ ಮೇಲೆ ಮೊದಲ ಸ್ವಲ್ಪ ಹೊತ್ತು "ಬೋರು, ಬೋರು" ಅಂತ ಕಾಲಿಗೆ ಸುತ್ತಿಕೊಳ್ಳುತ್ತಾರೆ. ತಕ್ಷಣ ಇನ್ನೊಂದು ಆಟ ಹುಡುಕಿಕೊಡಲು ಓಡಬೇಡಿ. ಆ ಗೊಣಗಾಟ ತಡೆದುಕೊಂಡರೆ ಅವರೇ ಏನೋ ಒಂದು ಹುಡುಕಿಕೊಳ್ಳುತ್ತಾರೆ.

ಹಾಂ, ರಾತ್ರಿ ಮನೆ ಚೊಕ್ಕ ಮಾಡುವಾಗ ಅರ್ಧ ಕಟ್ಟಿದ ಬಸ್ಸನ್ನು ಬಿಚ್ಚಿ ಹಾಕಬೇಡಿ. ಗೀಚಿದ ಹಾಳೆಗಳನ್ನೆಲ್ಲ ಇಟ್ಟುಕೊಳ್ಳಲು ಯಾರಿಗೂ ಆಗುವುದಿಲ್ಲ, ಆದರೆ ಯಾವುದು ಉಳಿಯಬೇಕು ಅಂತ ಮಗುವನ್ನೇ ಕೇಳಿ. ನಮಗೆ ಚೆಂದ ಕಂಡದ್ದನ್ನು ಬಿಟ್ಟು, ಎರಡೇ ಗೆರೆ ಇರುವ ಹಾಳೆ ಎತ್ತಿಕೊಂಡರೆ ಅದನ್ನೇ ಇಡಿ.