ಸ್ಪಷ್ಟನೆ: ಬೊಂಡಾಸ್ ಜೊತೆ ಸಿಹಿಗುಂಬಳ ಬೇಯಿಸಿದರೆ ವಿಷವಾಗುವುದಿಲ್ಲ

ಬೊಂಡಾಸ್, ಅಂದರೆ ಸ್ಕ್ವಿಡ್ ಎಂಬ ಕಡಲಜೀವಿ, ಸಿಹಿಗುಂಬಳದ ಜೊತೆ ಬೆಂದರೆ ವಿಷವಾಗುತ್ತದೆ, ಅದರ ಕಪ್ಪು ಶಾಯಿ ತಾಗಿದ ಪಾತ್ರೆಯನ್ನೂ ಬಿಸಾಡಬೇಕು ಎಂಬ ಸಂದೇಶ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಒಟ್ಟಿಗೆ ಬೆಂದು ವಿಷ ಹುಟ್ಟಿಸುವ ಅಂಶ ಇವುಗಳಲ್ಲಿಲ್ಲ. ಶಾಯಿಯ ಕಪ್ಪು ಮೆಲನಿನ್ ಎಂಬ ಬಣ್ಣದ ಅಂಶದ್ದು. ಸ್ಪೇನ್, ಇಟಲಿಯಲ್ಲಿ ಅದನ್ನೇ ಅನ್ನಕ್ಕೆ ಬೆರೆಸಿ ಬೇಯಿಸುತ್ತಾರೆ. ಪಾತ್ರೆ ತೊಳೆದರೆ ಸಾಕು.

ಎಚ್ಚರ ಬೇಕಾದ್ದು ಬೇರೆ ಕಡೆ. ಸೀಗಡಿ, ಮರುವಾಯಿ (ಚಿಪ್ಪಿನ ಕಡಲಜೀವಿ) ಒಗ್ಗದವರಿಗೆ ಬೊಂಡಾಸ್ ಕೂಡ ಒಗ್ಗದಿರಬಹುದು. ಅಲರ್ಜಿ ತರುವ ಟ್ರೋಪೊಮಯೋಸಿನ್ ಎಂಬ ಪ್ರೋಟೀನು ಬೇಯಿಸಿದರೂ ಹೋಗುವುದಿಲ್ಲ. ಕುಂಬಳದ ಚೂರು ಕಹಿಯಿದ್ದರೆ ಬೆಲ್ಲ ಹಾಕಿ ಸರಿಮಾಡಲು ಹೋಗಬೇಡಿ, ಎಸೆದುಬಿಡಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷಕಾರಿ ಅಂಶದ್ದು, ವಾಂತಿ-ಭೇದಿ ತರಬಲ್ಲದು. ಇನ್ನು ನಮ್ಮ ಬೆಂಗಳೂರು ಕರಾವಳಿಯ ಮಂಗಳೂರಿನಿಂದ ಸುಮಾರು 350 ಕಿ.ಮೀ. ದೂರ, ಬೊಂಡಾಸ್ ಇಲ್ಲಿಗೆ ಬರುವಷ್ಟರಲ್ಲಿ ಕೆಟ್ಟಿರಬಹುದು. ಇಲ್ಲಿನ ರಸೆಲ್ ಮಾರ್ಕೆಟ್ಟಿನಲ್ಲಿ ಕೊಂಡರೂ ಮೂಸಿ ನೋಡಿಯೇ ಕೊಳ್ಳಿ. ಅಮೋನಿಯಾ ವಾಸನೆ ಬಂದರೆ ಬೇಡ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಕಳಿಸಿದವರ ಮೇಲೆ ಜಗಳವೂ ಬೇಡ, ಇದನ್ನು ತೋರಿಸಿ.

ಮಾಡಿ ನೋಡುವವರಿಗೆ: ತೆಂಗಿನಕಾಯಿ, ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಹುಣಸೆಹಣ್ಣು ರುಬ್ಬಿದ ಮಸಾಲೆಯಲ್ಲಿ ಮೊದಲು ಕುಂಬಳ ಬೇಯಲಿ. ಬೊಂಡಾಸ್ ಬಳೆಗಳನ್ನು ಕೊನೆಗೆ ಹಾಕಿ, ಜೋರು ಉರಿಯಲ್ಲಿ 2–3 ನಿಮಿಷ ಕುದಿಸಿ. ಹತ್ತು ನಿಮಿಷವಾದರೆ ರಬ್ಬರು. ಆಮೇಲೆ ಮೆತ್ತಗಾಗಲು ಸಣ್ಣ ಉರಿಯಲ್ಲಿ ಅರ್ಧ ಗಂಟೆಗೂ ಹೆಚ್ಚು ಕಾಯಬೇಕು.