ಕಬ್ಬಿನ ಕ್ರೀಮ್ ಸರಿ, ಬಿಸಿಲಿನ ಮಾತೆಲ್ಲಿ?

ಕಬ್ಬಿನ ಸಾರದ ಕ್ರೀಮ್ ಹಚ್ಚಿದರೆ ಮುಖ ಹೊಳೆಯುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇರಬಹುದು. ಅದರಲ್ಲಿರುವ ಗ್ಲೈಕೋಲಿಕ್ ಆಸಿಡ್ ಚರ್ಮದ ಮೇಲಿನ ಸತ್ತ ಪದರವನ್ನು ಸಡಿಲ ಮಾಡುತ್ತದೆ. ಆದರೆ ಆಮೇಲೆ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಅದನ್ನೇ ಬಿಟ್ಟಿದ್ದೀರಲ್ಲ! ನಮ್ಮ ಸೋಮವಾರಪೇಟೆ ಕಡೆ ಜನವರಿ ಅಂದರೆ ಕಾಫಿ ಕೊಯ್ಲು. ಬೆಳಗ್ಗೆ ಮಂಜು, ಮಧ್ಯಾಹ್ನ ಚುರುಗುಟ್ಟುವ ಬಿಸಿಲು. ಕಣದಲ್ಲಿ ಕಾಫಿ ಒಣಗಿಸುತ್ತಾ ನಿಲ್ಲುವವರು ಈ ಕ್ರೀಮನ್ನು ರಾತ್ರಿ ಮಾತ್ರ ಹಚ್ಚಲಿ, ಹಗಲು ಸನ್‌ಸ್ಕ್ರೀನ್ ಬಿಡಬಾರದು.

ಇನ್ನೊಂದು, ಮಾರ್ಕೆಟ್ಟಿನ ಗ್ಲೈಕೋಲಿಕ್ ಆಸಿಡ್ ಬಹುಪಾಲು ಕಾರ್ಖಾನೆಯಲ್ಲಿ ತಯಾರಾದದ್ದು, ಕಬ್ಬಿನಿಂದ ತೆಗೆದದ್ದಲ್ಲ. ಅದೇನೂ ಕೆಟ್ಟದ್ದಲ್ಲ, ಶೇಕಡಾ ಎಷ್ಟು ಅಂತ ಸಾಮಾನ್ಯವಾಗಿ ಡಬ್ಬಿ ಮೇಲೆ ಇರುತ್ತದೆ. ಬರೀ ‘ಕಬ್ಬಿನ ಸಾರ’ ಎಂದಿದ್ದರೆ ಆಸಿಡ್ ಎಷ್ಟಿದೆ ಎಂದು ತಿಳಿಯುವುದು ಹೇಗೆ? ಹಾಗಂತ ಕುಶಾಲನಗರದಲ್ಲಿ ಕುಡಿದು ಉಳಿದ ಕಬ್ಬಿನ ಹಾಲನ್ನು ಮುಖಕ್ಕೆ ಬಳಿಯಬೇಡಿ, ಸುಮ್ನೆ ನೊಣ ಮುತ್ತುತ್ತವೆ.